ದೋಣಿ ಮೊದಲು, ಸಮವಸ್ತ್ರ ಆಮೇಲೆ: ಉತ್ತರ ಕನ್ನಡ ಕರಾವಳಿಯ ಕಾವಲು ನಡೆಯುವ ಬಗೆ

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿಯಿತು. ಅದರ ಮೇಲೆ ಸಾಗುತ್ತಿದ್ದ ಲಾರಿಯೂ ನದಿಗೆ ಬಿತ್ತು. ಲಾರಿಯ ಮೇಲೇರಿ ಜೀವ ಹಿಡಿದುಕೊಂಡಿದ್ದ ಚಾಲಕನನ್ನು ಆ ಕತ್ತಲಲ್ಲೇ ದಡಕ್ಕೆ ತಂದವರು ಸ್ಥಳೀಯ ಮೀನುಗಾರರು ಮತ್ತು ಪೊಲೀಸರು. ವಿಶೇಷ ಪಡೆಗಳು ಎಲ್ಲಿಂದಲೋ ಹೊರಟು ಬರಬೇಕು. ದೋಣಿ ಅಲ್ಲೇ ಕಟ್ಟಿರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಯಾವ ನದಿಯಲ್ಲಿ ಅವಘಡವಾದರೂ ಕಥೆ ಹೆಚ್ಚುಕಡಿಮೆ ಹೀಗೇ ಶುರುವಾಗುತ್ತದೆ.

ಸುರಕ್ಷತೆಯ ಮಾತು ಬಂದಾಗ ನಾವು ಲೆಕ್ಕ ಹಾಕುವುದು ಠಾಣೆ ಎಷ್ಟು, ಕ್ಯಾಮೆರಾ ಎಷ್ಟು, ಸ್ಪೀಡ್ ಬೋಟು ಎಷ್ಟು ಎಂದು. ಅವೆಲ್ಲ ಬೇಕು. ಆದರೆ ಈ ವಿಷಯವನ್ನೇ ಅಧ್ಯಯನ ಮಾಡುವವರು ಕೇಳುವ ಪ್ರಶ್ನೆ ಬೇರೆ: ಅಪಾಯ ಹುಟ್ಟಿದ ಗಳಿಗೆಯಲ್ಲಿ ಅಲ್ಲಿ ಯಾರಿದ್ದರು, ಅವರಿಗೆ ಏನು ಗೊತ್ತಿತ್ತು? 1979ರಲ್ಲಿ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬ ಅಮೆರಿಕದ ಇಬ್ಬರು ಸಮಾಜವಿಜ್ಞಾನಿಗಳು ಅಪರಾಧದ ಬಗ್ಗೆ ಒಂದು ಸರಳ ಸೂತ್ರ ಮುಂದಿಟ್ಟರು. ಮಾಡಬೇಕೆಂಬ ಮನಸ್ಸಿರುವವನು, ಕೈಗೆ ಸಿಗುವ ಗುರಿ, ತಡೆಯಬಲ್ಲ ಕಾವಲಿಗರ ಗೈರು: ಈ ಮೂರೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂಡಿದಾಗ ಅಪರಾಧ ಆಗುತ್ತದೆ. ಅವರ ಲೆಕ್ಕದಲ್ಲಿ ಕಾವಲಿಗ ಎಂದರೆ ಪೊಲೀಸನೇ ಆಗಬೇಕಿಲ್ಲ. ಪಕ್ಕದ ಮನೆಯವಳು, ಅಂಗಡಿಯವನು, ಹಾದುಹೋಗುವವನು ಯಾರೂ ಆಗಬಹುದು. ಆದರೆ ಸುಮ್ಮನೆ ಅಲ್ಲಿದ್ದರೆ ಸಾಲದು, ತಡೆಯಬಲ್ಲವನಾಗಿರಬೇಕು. ತರಬೇತಿಯ ಕೆಲಸ ಅಷ್ಟೂ ಇರುವುದು ಆ ‘ಬಲ್ಲ’ ಎನ್ನುವುದರಲ್ಲಿ. ಈ ಸೂತ್ರ ಹುಟ್ಟಿದ್ದು ಅಮೆರಿಕದ ಅಪರಾಧಗಳ ಅಧ್ಯಯನದಲ್ಲಾದರೂ ನಮ್ಮ ಕಡಲಿಗೂ, ಗುಡ್ಡಕ್ಕೂ ಅಷ್ಟೇ ಚೆನ್ನಾಗಿ ಹೊಂದುತ್ತದೆ.

ಹೊಂದಲೇಬೇಕಾದ ಜಿಲ್ಲೆಯೂ ಹೌದು ನಮ್ಮ ಉತ್ತರ ಕನ್ನಡ. ಅರ್ಗಾದಲ್ಲಿ 2005ರಿಂದ ಕದಂಬ ನೌಕಾನೆಲೆ, ಕಾಳಿಯ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ, ಬೈತಖೋಲದಿಂದ ಭಟ್ಕಳದವರೆಗೆ ಸಾಲು ಮೀನುಗಾರಿಕಾ ಬಂದರುಗಳು, ಗೋಕರ್ಣ–ಮುರುಡೇಶ್ವರದಲ್ಲಿ ವರ್ಷವಿಡೀ ಪ್ರವಾಸಿಗರ ಜಾತ್ರೆ, ಬೆನ್ನಿಗೆ ಮಳೆಗಾಲ ಬಂದರೆ ಜಾರುವ ಘಟ್ಟ.

ಕಡಲಿನ ಮೂರು ಪದರ

2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಬಂದದ್ದು ಕುಬೇರ್ ಎಂಬ ಮೀನುಗಾರಿಕಾ ಬೋಟಿನಲ್ಲಿ. ಗುಜರಾತಿನ ಪೋರಬಂದರಿನ ಆ ಬೋಟನ್ನು ನಡುಸಮುದ್ರದಲ್ಲಿ ವಶಪಡಿಸಿಕೊಂಡಿದ್ದರು. ದೂರದಿಂದ ನೋಡಿದವರಿಗೆ ಅದು ನಮ್ಮದೇ ದೇಶದ, ನೋಂದಣಿಯಿರುವ, ಎಲ್ಲ ಬೋಟುಗಳಂಥ ಒಂದು ಬೋಟು. ಆ ಘಟನೆಯ ನಂತರ, 2009ರಲ್ಲಿ, ಕರಾವಳಿ ಸೇರಿದಂತೆ ಇಡೀ ಸಾಗರ ಭದ್ರತೆಯ ಒಟ್ಟು ಹೊಣೆಯನ್ನು ನೌಕಾಪಡೆಗೆ ಕೊಟ್ಟರು. ಈಗಿನ ಏರ್ಪಾಡು ಸ್ಥೂಲವಾಗಿ ಹೀಗಿದೆ: ದಡಕ್ಕೆ ಹತ್ತಿರದ ನೀರಿನಲ್ಲಿ ಕರಾವಳಿ ಕಾವಲು ಪೊಲೀಸರ ಗಸ್ತು, ಅದರಾಚೆ ಕೋಸ್ಟ್ ಗಾರ್ಡ್, ಇನ್ನೂ ಆಚೆ ನೌಕಾಪಡೆ. ದೇಶದ ಪ್ರಾದೇಶಿಕ ಸಮುದ್ರದ ಗಡಿ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿ.ಮೀ. ಕರ್ನಾಟಕದ ಕರಾವಳಿ ಕಾವಲು ಪೊಲೀಸ್ ವಿಭಾಗದ ಕೇಂದ್ರ ಕಚೇರಿ ಮಲ್ಪೆಯಲ್ಲಿದೆ. ಅದರ 9 ಠಾಣೆಗಳಲ್ಲಿ 5 ನಮ್ಮ ಜಿಲ್ಲೆಯವು: ಕಾರವಾರ, ಬೇಲೆಕೇರಿ, ಕುಮಟಾ, ಹೊನ್ನಾವರ, ಭಟ್ಕಳ.

ಕಾಗದದ ಮೇಲೆ ಇದು ಬಿಗಿಯಾಗಿ ಕಾಣುತ್ತದೆ. ನೀರಿನ ಮೇಲೆ ಕಷ್ಟ ಎಲ್ಲಿದೆ ಎಂದರೆ, ಚಿಕ್ಕ ಮರದ ಅಥವಾ ಫೈಬರ್ ದೋಣಿ ರೇಡಾರಿಗೆ ಸರಿಯಾಗಿ ಸಿಗುವುದಿಲ್ಲ. ಅಲೆಗಳಿಂದಲೇ ಮರಳಿ ಬರುವ ಸಂಕೇತಗಳ ಗದ್ದಲದಲ್ಲಿ ಅದು ಕಳೆದುಹೋಗುತ್ತದೆ. ತಾನು ಯಾರು, ಎಲ್ಲಿದ್ದೇನೆ ಎಂದು ತಾನಾಗಿ ಸಾರುವ ಎಐಎಸ್ ಯಂತ್ರ ಕಡ್ಡಾಯವಿರುವುದು 20 ಮೀಟರಿಗಿಂತ ಉದ್ದದ ಬೋಟುಗಳಿಗೆ. ಪಾತಿ ದೋಣಿಯನ್ನೂ ಗಿಲ್‌ನೆಟ್ ದೋಣಿಯನ್ನೂ ಅದು ಮುಟ್ಟುವುದಿಲ್ಲ. ಹಾಗಾಗಿ ರಾತ್ರಿ ಹೊತ್ತು ಬೇಲೆಕೇರಿಯ ಹೊರಗೆ ಕಾಣುವ ದೀಪಗಳಲ್ಲಿ ಯಾವುದು ನಮ್ಮದು, ಯಾವುದು ಹೊರಗಿನದು ಎಂದು ಹೇಳಬಲ್ಲವನು ತಾಂಡೇಲ, ಅಂದರೆ ಬೋಟು ನಡೆಸುವವನು. ಅವನು ಬಣ್ಣ ನೋಡಿ ಹೇಳುತ್ತಾನೆ, ಇಂಜಿನಿನ ಸದ್ದು ಕೇಳಿ ಹೇಳುತ್ತಾನೆ. ಬಲೆ ಬಿಡುವ ಹೊತ್ತಲ್ಲದ ಹೊತ್ತಿನಲ್ಲಿ ನಿಂತಿದೆ, ಮೀನೇ ಇಲ್ಲದ ಕಡೆ ಸುತ್ತುತ್ತಿದೆ, ಬೋಟಿನಲ್ಲಿ ದುಡಿಯುವ ಕಲಾಸಿಗಳ ಕೈಗೆ ಹಗ್ಗದ ಅಭ್ಯಾಸವಿಲ್ಲ, ಇವೆಲ್ಲ ಅವನ ಕಣ್ಣಿಗೆ ಬೀಳುವ ಸಂಗತಿ. ಯಾವ ಉಪಗ್ರಹವೂ ಇಷ್ಟನ್ನು ಹೇಳಲಾರದು.

ಸಾಗರ ಕವಚ ಎಂಬ ಅಣಕು ಕಾರ್ಯಾಚರಣೆ ನಡೆಯುವುದು ಇದನ್ನು ಪರೀಕ್ಷಿಸಲೆಂದೇ. ಪಡೆಗಳು ಎರಡು ತಂಡಗಳಾಗುತ್ತವೆ. ಕೆಂಪು ತಂಡ ಮೀನುಗಾರರಂತೆಯೋ ಪ್ರವಾಸಿಗರಂತೆಯೋ ವೇಷ ಮರೆಸಿಕೊಂಡು, ನಕಲಿ ಬಾಂಬ್ ಹಿಡಿದು ದಡಕ್ಕೆ ನುಸುಳಲು ನೋಡುತ್ತದೆ. ನೀಲಿ ತಂಡ ತಡೆಯಬೇಕು. ಇದರ ಜೊತೆಗೆ 2019ರಿಂದ ಇಡೀ ದೇಶದ ಕರಾವಳಿಯಲ್ಲಿ ಏಕಕಾಲಕ್ಕೆ ನಡೆಯುವ ಸೀ ವಿಜಿಲ್ ಎಂಬ ದೊಡ್ಡ ಕವಾಯತೂ ಇದೆ. ಇಂಥ ಕವಾಯತುಗಳ ಬೆಲೆ ಇರುವುದು ಸೋತ ಕಡೆಯಲ್ಲಿ. ಕೆಂಪು ತಂಡ ಎಲ್ಲಿ ಒಳಗೆ ಬಂತು, ಯಾರು ನೋಡಿಯೂ ಹೇಳಲಿಲ್ಲ, ಹೇಳಿದ್ದು ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂಬುದು ಗೊತ್ತಾದರೆ ಕವಾಯತು ಸಾರ್ಥಕ. ನನ್ನ ತಕರಾರು ಇಲ್ಲೇ. ಮರುದಿನ ಸುದ್ದಿಯಾಗುವುದು ಹಿಡಿದವರ ಫೋಟೊ. ನುಸುಳಿ ಬಂದವರ ದಾರಿಯನ್ನು ಬಂದರಿನ ಜನರ ಮುಂದೆ ಕೂತು ಬಿಡಿಸಿ ಹೇಳಿದರೆ, ಗುಟ್ಟಿನ ವಿವರ ಬಿಟ್ಟೇ ಹೇಳಿದರೂ, ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ನೋಡಿದವನು ಯಾಕೆ ಹೇಳುವುದಿಲ್ಲ? ದೇಶಪ್ರೇಮದ ಭಾಷಣ ಮಾಡುವವರಿಗೆ ಈ ಪ್ರಶ್ನೆ ಹಿಡಿಸುವುದಿಲ್ಲ, ಉತ್ತರ ಮಾತ್ರ ತುಂಬ ಸಾದಾ. ಡೀಸೆಲ್ ಸುಟ್ಟು ಸಮುದ್ರಕ್ಕೆ ಹೋದವನಿಗೆ ಒಂದು ದಿನ ಹೋದರೆ ಹೋಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ಹೇಗೂ ನಿಷೇಧ. ಉಳಿದ ತಿಂಗಳಲ್ಲೂ ತೂಫಾನಿನ ದಿನ ಕಳೆದರೆ ಕೈಗೆ ಸಿಗುವುದು ಕೆಲವೇ ಒಳ್ಳೆಯ ದಿನ. ಫೋನು ಮಾಡಿದವನನ್ನೇ ಹೇಳಿಕೆ ಕೊಡು, ಬೋಟು ತೋರಿಸು, ಕಾಗದ ತಾ ಎಂದು ಅಲೆದಾಡಿಸಿದರೆ ಅವನು ಇನ್ನೊಮ್ಮೆ ಮಾಡುವುದಿಲ್ಲ. ಅವನ ಪಕ್ಕದ ಬೋಟಿನವನೂ ಮಾಡುವುದಿಲ್ಲ. ಆದ್ದರಿಂದ ಸಮುದಾಯ ಪೊಲೀಸಿಂಗ್ ಎನ್ನುವ ವಿಷಯದಲ್ಲಿ ಜನರಿಗೆ ಎಷ್ಟು ತರಬೇತಿ ಬೇಕೋ, ಫೋನು ಎತ್ತುವ ಸಿಬ್ಬಂದಿಗೂ ಅಷ್ಟೇ ಬೇಕು. ತಾಂಡೇಲ ಜಾಗ ಹೇಳುವಾಗ ಇಷ್ಟು ಮಾರು (ಆಳದ ಅಳತೆ) ನೀರು, ಇಂಥ ಗುಡ್ಡದ ನೇರಕ್ಕೆ ಎನ್ನುತ್ತಾನೆ. ಠಾಣೆಯಲ್ಲಿ ಕೂತವನಿಗೆ ಬೇಕಿರುವುದು ಅಕ್ಷಾಂಶ, ರೇಖಾಂಶ. ಜಿಪಿಎಸ್ ನೋಡಿ ಆ ಸಂಖ್ಯೆಯನ್ನು ಓದಲು ಅವನಿಗೆ, ಮಾರಿನ ಲೆಕ್ಕವನ್ನು ನಕಾಶೆಗೆ ಇಳಿಸಲು ಇವನಿಗೆ, ಇಬ್ಬರಿಗೂ ಕಲಿಸಬೇಕು. ಬಯಲುಸೀಮೆಯಲ್ಲಿ ಬೆಳೆದ ಕಾನ್‌ಸ್ಟೆಬಲ್ ಇಲ್ಲಿಗೆ ವರ್ಗವಾಗಿ ಬಂದರೆ ಅವನ ಮೊದಲ ಶತ್ರು ಭಯೋತ್ಪಾದಕನಲ್ಲ, ಸಮುದ್ರದ ಮೇಲಿನ ತಲೆಸುತ್ತು, ವಾಂತಿ. ಕರಾವಳಿ ಪೊಲೀಸರಿಗಾಗಿಯೇ ಗುಜರಾತಿನ ಓಖಾದಲ್ಲಿ ರಾಷ್ಟ್ರೀಯ ಅಕಾಡೆಮಿ ತೆರೆದದ್ದು ಈ ಕೊರತೆ ತುಂಬಲೆಂದೇ.

ಕಾವಲಿನ ಇನ್ನೊಂದು ಬಿರುಕು ಒಳಗಿನದು. ಕದಂಬ ನೌಕಾನೆಲೆಯ ಮಾಹಿತಿ ಸೋರಿಕೆಯ ಪ್ರಕರಣದಲ್ಲಿ 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ದಳ ನಮ್ಮ ಜಿಲ್ಲೆಯ ಇಬ್ಬರನ್ನು ಬಂಧಿಸಿತು. ಸಾಮಾಜಿಕ ಜಾಲತಾಣದಲ್ಲಿ ಹೆಣ್ಣಿನ ಹೆಸರಿನಲ್ಲಿ ಗೆಳೆತನ ಬೆಳೆಸಿ, ಹಣದ ಆಸೆ ತೋರಿಸಿ ಮಾಹಿತಿ ಪಡೆದರು ಎಂಬುದು ಆರೋಪ. ನೆಲೆಯ ಬೇಲಿಯೊಳಗೆ ದಿನಾ ಹೋಗಿಬರುವವರಲ್ಲಿ ಗುತ್ತಿಗೆ ಕೆಲಸಗಾರರೂ ಇರುತ್ತಾರೆ. ಹಡಗು ಯಾವತ್ತು ಬಂತು, ಯಾವತ್ತು ಹೊರಟಿತು ಎಂಬುದು ಅವರಿಗೆ ಊರ ಸುದ್ದಿ. ಅದೇ ಸುದ್ದಿಯನ್ನು ದಿನಾಂಕದ ಸಮೇತ ಜೋಡಿಸಿಟ್ಟುಕೊಳ್ಳುವವನಿಗೆ ಅದು ಬೇರೆಯೇ ವಸ್ತು. ಗುರುತಿನ ಚೀಟಿ ಕೊಡುವ ದಿನ ಒಂದು ಸಹಿ ಹಾಕಿಸಿಕೊಂಡರೆ ಇದು ತಲೆಗೆ ಇಳಿಯುವುದಿಲ್ಲ. ಆ ಗೆಳೆತನ ಹೇಗೆ ಶುರುವಾಗುತ್ತದೆ, ಮೊದಲ ಪ್ರಶ್ನೆ ಎಷ್ಟು ನಿರುಪದ್ರವಿಯಾಗಿರುತ್ತದೆ ಎಂಬುದನ್ನು ಉದಾಹರಣೆಯೊಂದಿಗೆ ತೋರಿಸಬೇಕು.

ಹವಾಮಾನದ ವಿಷಯದಲ್ಲಿ ಕಡಲು ಕಲಿಸಿದ ಪಾಠ ಇದಕ್ಕಿಂತ ಸ್ಪಷ್ಟ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ಆಗಲೇ ಆಳ ಸಮುದ್ರದಲ್ಲಿದ್ದರು. ಮುನ್ಸೂಚನೆ ಅವರಿಗೆ ಮುಟ್ಟಲಿಲ್ಲ. ಮೊಬೈಲ್ ಸಿಗ್ನಲ್ ದಡದಿಂದ ಹತ್ತು ಹನ್ನೆರಡು ಕಿ.ಮೀ. ಆಚೆ ಸಾಮಾನ್ಯವಾಗಿ ಸಿಗುವುದಿಲ್ಲ, ವಿಎಚ್ಎಫ್ ವೈರ್‌ಲೆಸ್‌ಗೂ ಮಿತಿಯಿದೆ. 2019ರಲ್ಲಿ ಬಂದ ಜೆಮಿನಿ ಎಂಬ ಸಾಧನ ಉಪಗ್ರಹದ ಮೂಲಕ ಎಚ್ಚರಿಕೆಯನ್ನು ಬೋಟಿಗೆ ತಲುಪಿಸುತ್ತದೆ, ಆದರೆ ಬೋಟಿನಿಂದ ಉತ್ತರ ಕಳಿಸಲಾಗುವುದಿಲ್ಲ. ಇಸ್ರೊ ತಂತ್ರಜ್ಞಾನದ ಈಗಿನ ಟ್ರಾನ್ಸ್‌ಪಾಂಡರುಗಳಲ್ಲಿ ಎರಡೂ ಕಡೆಯ ಸಂದೇಶ ಸಾಧ್ಯ, ಅಪಾಯದ ಗುಂಡಿಯೂ ಇದೆ. ಇನ್ನು ತೀರಾ ಸಾದಾ ವಸ್ತುವಿನ ಮಾತು: 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅಲ್ಲಿ ಬೇಕಿದ್ದದ್ದು ಉಪಗ್ರಹವಲ್ಲ. ಎಲ್ಲರ ಮೈಮೇಲೂ ಲೈಫ್ ಜಾಕೆಟ್, ‘ಇನ್ನು ಜಾಗವಿಲ್ಲ, ಮುಂದಿನ ದೋಣಿಗೆ ಬನ್ನಿ’ ಎಂದು ಹೇಳುವ ಒಬ್ಬ ಮನುಷ್ಯ.

ಶಾಂತವಾಗಿ ಕಾಣುವ ನೀರು

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಇಂಥ ಸಾವಾದಾಗಲೆಲ್ಲ ‘ಅಲೆಗೆ ಸಿಲುಕಿ’ ಎಂದು ಬರೆದು ಮುಗಿಸುತ್ತೇವೆ. ಹೆಚ್ಚಿನ ಸಲ ಜನರನ್ನು ಒಯ್ಯುವುದು ಅಲೆಯಲ್ಲ, ಅಲೆ ಇಲ್ಲದ ಜಾಗ.

ಅದು ಹೀಗೆ. ಅಲೆಗಳು ಒಂದರ ಹಿಂದೊಂದು ಬಂದು ದಡದ ಕಡೆ ನೀರು ಸುರಿಯುತ್ತಲೇ ಇರುತ್ತವೆ. ಆ ನೀರು ಎಲ್ಲಾದರೂ ವಾಪಸ್ ಹೋಗಲೇಬೇಕು. ದಡದಿಂದ ಸ್ವಲ್ಪ ಆಚೆ, ನೀರಿನಡಿಯಲ್ಲಿ, ತೀರಕ್ಕೆ ಸಮಾನಾಂತರವಾಗಿ ಮರಳಿನ ದಿಬ್ಬಗಳಿರುತ್ತವೆ. ದಿಬ್ಬದ ಮೇಲೆ ಅಲೆ ಒಡೆದು ಬಿಳಿ ನೊರೆಯಾಗುತ್ತದೆ. ಆ ದಿಬ್ಬ ಎಲ್ಲಿ ಕಡಿದಿದೆಯೋ ಅಲ್ಲಿ ಒಂದು ಆಳದ ಓಣಿ. ಒಳಗೆ ಬಂದ ನೀರೆಲ್ಲ ಆ ಓಣಿಯಲ್ಲಿ ರಭಸದಿಂದ ಕಡಲಿಗೆ ಮರಳುತ್ತದೆ. ಗೋಕರ್ಣದ ಓಂ ಬೀಚ್, ಕುಡ್ಲೆಯಂಥ ಕಡೆ ಇನ್ನೊಂದು ಬಗೆಯಿದೆ: ಬಂಡೆಯ ಚಾಚಿಗೆ ಬಡಿದ ನೀರು ಅದರ ಮಗ್ಗುಲಿಗೇ ಹೊರಗೆ ಹರಿಯುತ್ತದೆ. ಓಣಿಯಲ್ಲಿ ನೀರು ಆಳವಿರುವುದರಿಂದ ಅಲೆ ಅಲ್ಲಿ ಒಡೆಯುವುದಿಲ್ಲ. ದಡದಲ್ಲಿ ನಿಂತವನಿಗೆ ಎರಡು ನೊರೆಪಟ್ಟಿಗಳ ನಡುವೆ ಒಂದು ಶಾಂತ, ಸ್ವಲ್ಪ ಕಪ್ಪಾದ ಜಾಗ ಕಾಣುತ್ತದೆ. ಮಕ್ಕಳನ್ನು ಕರೆದುಕೊಂಡು ಬಂದವರು ‘ಇಲ್ಲಿ ಅಲೆ ಕಡಿಮೆ’ ಎಂದು ಅಲ್ಲಿಗೇ ಇಳಿಯುತ್ತಾರೆ. ಸೆಳೆತ ಜೋರಿದ್ದಾಗ ಅದರ ವೇಗ ಸೆಕೆಂಡಿಗೆ ಎರಡು ಮೀಟರ್ ದಾಟುವುದುಂಟು. ಪಳಗಿದ ಈಜುಗಾರನೂ ಅದಕ್ಕೆ ಎದುರಾಗಿ ದಡಕ್ಕೆ ಈಜಿ ಗೆಲ್ಲಲಾರ, ಸೋತು ಸುಸ್ತಾಗಿ ಮುಳುಗುತ್ತಾನೆ. ಸೆಳೆತ ನೀರಿನಡಿಗೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೆ, ಅದೂ ಅಗಲ ಕಡಿಮೆಯಿರುವ ಓಣಿಯಲ್ಲಿ. ಹಾಗಾಗಿ ತೇಲಿಕೊಂಡು, ಕೈ ಎತ್ತಿ ಸನ್ನೆ ಮಾಡುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ನೊರೆ ಇರುವ ಕಡೆಯಿಂದ ವಾಪಸ್ ಬರಬೇಕು.

ಮುಳುಗುವವನು ಕೂಗುತ್ತಾನೆ, ಕೈ ಬೀಸುತ್ತಾನೆ ಎಂಬುದು ಸಿನಿಮಾ ಕಲಿಸಿದ ಪಾಠ. ನ್ಯೂಯಾರ್ಕಿನ ಜೀವರಕ್ಷಕ ಫ್ರಾಂಕ್ ಪಿಯಾ 1970ರ ದಶಕದಲ್ಲಿ ಕಡಲತೀರದ ನಿಜವಾದ ಮುಳುಗಡೆಗಳನ್ನು ಚಿತ್ರೀಕರಿಸಿ ಅಧ್ಯಯನ ಮಾಡಿದರು. ಕಂಡದ್ದು ಮೌನ. ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುತ್ತಿರುವಾಗ ಉಸಿರೆಳೆಯುವುದಕ್ಕೇ ಪುರುಸೊತ್ತಿಲ್ಲ, ಇನ್ನು ಕೂಗುವುದೆಲ್ಲಿ? ಕೈಗಳು ತಾವಾಗಿ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತವೆ, ಮೇಲೆತ್ತಿ ಬೀಸಲು ಆಗುವುದಿಲ್ಲ. ಹೀಗೆ ಒದ್ದಾಡುವ ಅವಧಿ 20ರಿಂದ 60 ಸೆಕೆಂಡು. ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿರುವವರಿಗೂ ತಿಳಿಯದೆ ಮುಗಿದುಹೋಗುವಷ್ಟು ಸಮಯ. ಜೀವರಕ್ಷಕನ ತರಬೇತಿಯಲ್ಲಿ ಈಜಿನಷ್ಟೇ ನೋಟವೂ ಮುಖ್ಯವಾಗಿರುವುದು ಇದಕ್ಕೆ: ತನ್ನ ಪಾಲಿನ ನೀರನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಕಣ್ಣಲ್ಲೇ ಗುಡಿಸುತ್ತಿರಬೇಕು, ಹಾಡಿನಂತೆ ಎಡೆಬಿಡದೆ. ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಜೀವರಕ್ಷಕರ ಕೋರ್ಸುಗಳಿವೆ, ಕಾರವಾರದವರಿಗೆ ಅದು ಗಡಿ ದಾಟಿದರೆ ಸಿಗುವ ದೂರ. 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆ ಪಡೆದ ಹೊನ್ನಾವರದ ಕಾಸರಕೋಡಿನಲ್ಲಿ ಸುರಕ್ಷತಾ ವ್ಯವಸ್ಥೆ ಇರುವುದು ಆ ಮನ್ನಣೆಯ ಷರತ್ತೇ. ಷರತ್ತಿಲ್ಲದ ಬೀಚುಗಳಲ್ಲಿ ಮೊದಲ ಕಣ್ಣು ಎಳನೀರು ಮಾರುವವನದ್ದು, ಕುದುರೆ ಸವಾರಿ ಮಾಡಿಸುವ ಹುಡುಗನದ್ದು, ಶ್ಯಾಕಿನ (ಬೀಚಿನ ಗುಡಿಸಲು ಹೋಟೆಲಿನ) ಅಡುಗೆಯವನದ್ದು. ಇವರಿಗೆ ಅರ್ಧ ದಿನ ಕೂರಿಸಿ ಎರಡು ಸಂಗತಿ ಕಲಿಸಬೇಕು: ಸೆಳೆತದ ಓಣಿಯನ್ನು ಗುರುತಿಸುವುದು, ಮತ್ತು ನೀರಿಗೆ ಹಾರುವ ಬದಲು ಎಸೆಯುವುದು. ಮುಚ್ಚಳ ಬಿಗಿದ ಖಾಲಿ ಕ್ಯಾನು, ಟಯರಿನ ಟ್ಯೂಬು, ಹಗ್ಗ, ಏನಾದರೂ ಸರಿ. ಉಳಿಸಲು ಹೋದ ಅಣ್ಣನೂ ತೀರಿಕೊಂಡ ಎಂಬ ಸುದ್ದಿ ಎಷ್ಟು ಸಲ ಓದಿಲ್ಲ ನಾವು.

ಧರೆ ಮಾತಾಡುವ ಹೊತ್ತು

ಶಿರೂರಿನ ಹೆಸರು ಕೇಳದವರಿಲ್ಲ ಈಗ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಆ ಊರಲ್ಲಿ ಗುಡ್ಡ ಜಾರಿ ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಗಂಗಾವಳಿಗೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ಲಾರಿಗಳು ಅದರ ಜೊತೆ ಹೋದವು. ಮಣ್ಣು ನದಿಗೆ ಬಿದ್ದ ಹೊಡೆತಕ್ಕೆ ಎದ್ದ ನೀರು ಎದುರು ದಡದ ಉಳುವರೆ ಎಂಬ ಊರಿಗೂ ನುಗ್ಗಿತು. ಕೇರಳದ ಚಾಲಕನೊಬ್ಬನ ಲಾರಿಯನ್ನು ನದಿಯಿಂದ ಎತ್ತಲು ಗೋವಾದಿಂದ ಡ್ರೆಜರ್ ತರಿಸಿ ಸೆಪ್ಟೆಂಬರ್ 25ರವರೆಗೆ ಕಾಯಬೇಕಾಯಿತು.

ಗುಡ್ಡ ಜಾರುವುದರ ಹಿಂದಿನ ಲೆಕ್ಕ ಗೂಢವೇನಲ್ಲ. ಮೇಲೆ ನೀರು ಹೀರುವ ಜಂಬಿಟ್ಟಿಗೆ, ಕೆಳಗೆ ನೀರು ಬಿಡದ ಜೇಡಿ. ದಿನಗಟ್ಟಲೆ ಸುರಿದ ಮಳೆ ಇವೆರಡರ ನಡುವೆ ನಿಂತು ಮಣ್ಣಿನ ಕಣಗಳನ್ನು ಒಂದರಿಂದೊಂದು ತಳ್ಳುತ್ತದೆ, ಹಿಡಿತ ಸಡಿಲವಾಗುತ್ತದೆ. ಅಂಥ ಇಳಿಜಾರಿನ ಬುಡವನ್ನು ರಸ್ತೆಗೋ ಮನೆಗೋ ನೆಟ್ಟಗೆ ಕಡಿದಿದ್ದರೆ ಆಧಾರವೂ ಹೋಯಿತು. 2009ರಲ್ಲಿ ಕಾರವಾರದ ಕಡವಾಡ, 2021ರಲ್ಲಿ ಯಲ್ಲಾಪುರದ ಕಳಚೆ, ಆಮೇಲೆ ಶಿರೂರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಎಲ್ಲೆಲ್ಲಿ ಜಾರುವ ಸಂಭವ ಹೆಚ್ಚು ಎಂಬ ನಕಾಶೆ ಮಾಡಿದೆ. ನಕಾಶೆ ಜಾಗ ಹೇಳುತ್ತದೆ, ದಿನ ಹೇಳುವುದಿಲ್ಲ. ದಿನ ಹೇಳಬಲ್ಲದ್ದು ಮಳೆ, ಅದೂ ಅಂದಾಜಿನಲ್ಲಿ. ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ಮೀರಿದರೆ ಭಾರೀ, 115.6 ದಾಟಿದರೆ ಅತಿ ಭಾರೀ, 204.5ರಿಂದ ಮೇಲೆ ವಿಪರೀತ ಮಳೆ. ನಮ್ಮ ಕಡೆ ಆಷಾಢದಲ್ಲಿ ಅತಿ ಭಾರೀ ಎನ್ನುವುದು ದಿನಚರಿ ಆದ್ದರಿಂದ ಆರೆಂಜ್ ಅಲರ್ಟ್ ಎಂದರೆ ಶಾಲೆಗೆ ರಜೆ ಇದೆಯೋ ಇಲ್ಲವೋ ಎಂಬಷ್ಟಕ್ಕೇ ನಿಂತುಬಿಟ್ಟಿದೆ.

ಗಂಟೆಯ ಲೆಕ್ಕದಲ್ಲಿ ಹೇಳಬಲ್ಲವರು ಅಲ್ಲೇ ಇರುವವರು. ಶಿರಸಿ, ಸಿದ್ದಾಪುರ ಕಡೆಯ ಅಡಿಕೆ ತೋಟದವರಿಗೆ ಧರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಮೇಲಂಚಿನಲ್ಲಿ ಬಿರುಕು ಬಿಟ್ಟಿದ್ದು ಗೊತ್ತಾಗುತ್ತದೆ. ಮರಗಳು ವಾಲುವುದು, ಸ್ವಚ್ಛವಾಗಿದ್ದ ಒರತೆ ಏಕಾಏಕಿ ಕೆಂಪಾಗುವುದು, ಜೋರು ಮಳೆಯಲ್ಲೇ ಹಳ್ಳದ ನೀರು ತಟ್ಟನೆ ಇಳಿಯುವುದು (ಮೇಲೆಲ್ಲೋ ಮಣ್ಣು ಅಡ್ಡ ಬಿದ್ದಿದೆ ಎಂದರ್ಥ), ಮನೆಯ ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುವುದು, ಇವೆಲ್ಲ ಹೊರಡಲು ಸಾಕಾಗುವಷ್ಟು ಕಾರಣ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಆಪದಾ ಮಿತ್ರ ಯೋಜನೆ ಇಂಥವರನ್ನೇ ಹುಡುಕುತ್ತದೆ. ಸ್ಥಳೀಯ ಸ್ವಯಂಸೇವಕರಿಗೆ 12 ದಿನದ ತರಬೇತಿ: ಪ್ರಥಮ ಚಿಕಿತ್ಸೆ, ಹಗ್ಗದ ಕೆಲಸ, ನೆರೆಯಲ್ಲಿ ರಕ್ಷಣೆ. ನನ್ನ ಕೇಳಿಕೆ ಒಂದೇ, ಆ ಪಟ್ಟಿಯಲ್ಲಿ ಹೆದ್ದಾರಿ ಬದಿಯ ಚಹಾ ಅಂಗಡಿಯವರೂ ಇರಲಿ. ಲಾರಿಗಳು ಎಲ್ಲಿ ನಿಲ್ಲುತ್ತವೆ ಎಂದು ತೀರ್ಮಾನಿಸುವವರು ಅವರು.

ಕೈಗಾದ ವಿಷಯ ಚಿಕ್ಕದಾಗಿ ಹೇಳಬಹುದು, ಯಾಕೆಂದರೆ ಈ ಎಲ್ಲದರಲ್ಲಿ ಹೆಚ್ಚು ಶಿಸ್ತಿನಿಂದ ಯೋಜಿಸಿದ್ದು ಅದೇ. ತುರ್ತು ಯೋಜನೆ ಸ್ಥಾವರದ ಸುತ್ತ 16 ಕಿ.ಮೀ. ವ್ಯಾಪ್ತಿಗೆ ಇದೆ. ಅಪಾಯ ಆವರಣದಿಂದ ಹೊರಗೆ ಹಬ್ಬಿದರೆ ಹೊಣೆ ಜಿಲ್ಲಾಧಿಕಾರಿಯ ನೇತೃತ್ವದ ತಂಡದ್ದು, ಅದಕ್ಕಾಗಿ ಆಗಾಗ ಅಣಕು ಕಾರ್ಯಾಚರಣೆ ನಡೆಯುತ್ತದೆ. ಅಲ್ಲಿ ಜನ ಮರೆಯಬಾರದ್ದು: ಮೊದಲ ಆದೇಶ ಸಾಮಾನ್ಯವಾಗಿ ಓಡಿ ಎಂದಲ್ಲ, ಒಳಗಿರಿ, ಕಿಟಕಿ ಮುಚ್ಚಿ ಎಂದು. ವಿಕಿರಣಶೀಲ ಅಯೋಡಿನ್‌ನಿಂದ ಥೈರಾಯ್ಡ್ ಗ್ರಂಥಿಯನ್ನು ಕಾಯುವ ಅಯೋಡಿನ್ ಮಾತ್ರೆ ನುಂಗುವುದು ಹೇಳಿದಾಗ ಮಾತ್ರ.

ಇದನ್ನೇ ವೃತ್ತಿಯಾಗಿ ಕಲಿಯಬೇಕೆನ್ನುವ ಹುಡುಗ ಹುಡುಗಿಯರಿಗೆ ದಾರಿ ಹತ್ತಿರವೇ ಇದೆ. 2020ರ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸ್ಥಾನ ಪಡೆದ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ (ಪೊಲೀಸ್, ಭದ್ರತೆಯ ಅಧ್ಯಯನದ್ದು) ಒಂದು ಆವರಣ ಶಿವಮೊಗ್ಗದಲ್ಲಿದೆ. ಅಪರಾಧದ ಸಾಕ್ಷ್ಯ ಪರೀಕ್ಷಿಸುವ ವಿಧಿವಿಜ್ಞಾನದ ರಾಷ್ಟ್ರೀಯ ವಿಶ್ವವಿದ್ಯಾಲಯದ ಆವರಣವೊಂದು ಧಾರವಾಡಕ್ಕೆ ಬಂದಿದೆ. ಗೃಹರಕ್ಷಕ ದಳ ಪ್ರತಿ ತಾಲೂಕಿಗೂ ಗೊತ್ತು. ಖಾಸಗಿ ಸೆಕ್ಯುರಿಟಿಯವರ ತರಬೇತಿಯ ಬಗ್ಗೆ ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ ಮಾದರಿ ನಿಯಮಗಳ ಪ್ರಕಾರ ಹೊಸ ಕಾವಲುಗಾರನಿಗೆ 100 ಗಂಟೆ ತರಗತಿ, 60 ಗಂಟೆ ಹೊರಗಿನ ಅಭ್ಯಾಸ, ಕನಿಷ್ಠ 20 ಕೆಲಸದ ದಿನಗಳಲ್ಲಿ. ಸಮವಸ್ತ್ರ ಹಾಕಿಸಿ ಸಂಜೆಯೇ ಗೇಟಿಗೆ ನಿಲ್ಲಿಸಿದ ಗಾರ್ಡನ್ನು ಕಂಡರೆ ರೆಸಾರ್ಟಿನವರನ್ನು ಆ 160 ಗಂಟೆಯ ಬಗ್ಗೆ ಕೇಳಿ, ಮುಖ ನೋಡಿ.

ಕೊನೆಗೆ ಫೋನಿನಲ್ಲಿ ಇರಬೇಕಾದ ಮೂರು ಸಂಖ್ಯೆ: ಯಾವುದೇ ತುರ್ತಿಗೆ 112, ಕರಾವಳಿ ಕಾವಲು ಪೊಲೀಸರಿಗೆ 1093, ಸಮುದ್ರದಲ್ಲಿ ಅಪಾಯವಾದರೆ ಕೋಸ್ಟ್ ಗಾರ್ಡಿಗೆ 1554. ಕರೆ ಮಾಡಿದಾಗ ಮೊದಲು ಜಾಗ ಹೇಳಿ. ಆಮೇಲೆ ಏನಾಗಿದೆ, ಎಷ್ಟು ಜನ, ಈಗ ಅಲ್ಲಿ ಯಾರಿದ್ದಾರೆ. ಲೈನು ಕಡಿದುಹೋದರೂ ಜಾಗ ಅವರಿಗೆ ಮುಟ್ಟಿರುತ್ತದೆ.